ಟರ್ಬೊ ಇಲ್ಲ, ಆರೇ ಸಿಲಿಂಡರ್: 14.4 ಸೆಕೆಂಡ್!

ಕಾಲು ಮೈಲಿ ಅಂದ್ರೆ 402 ಮೀಟರ್. ನಿಂತಲ್ಲಿಂದ ಹೊರಟು ಅಷ್ಟು ದೂರ ಮುಟ್ಟೋಕೆ ಎಷ್ಟು ಸೆಕೆಂಡ್ ಬೇಕು? ಡ್ರ್ಯಾಗ್ ರೇಸಿಂಗ್‌ನ ಲೆಕ್ಕ ಇಷ್ಟೇ. ಇದರಲ್ಲಿ ನನಗೆ ಅಚ್ಚುಮೆಚ್ಚು 1972ರ ಆಸ್ಟ್ರೇಲಿಯಾದ ಕಾರು, ಕ್ರೈಸ್ಲರ್ ವ್ಯಾಲಿಯಂಟ್ ಚಾರ್ಜರ್ ಇ49.

ಒಂದೇ ಸಾಲಿನಲ್ಲಿ ಆರು ಸಿಲಿಂಡರ್, 4.3 ಲೀಟರ್, 302 ಅಶ್ವಶಕ್ತಿ. ಟರ್ಬೊ ಇಲ್ಲ, ಸೂಪರ್‌ಚಾರ್ಜರ್ ಇಲ್ಲ. ಆದರೂ ಆಗಿನ ರೋಡ್ ಟೆಸ್ಟ್‌ನಲ್ಲಿ ಕಾಲು ಮೈಲಿಯನ್ನು 14.4 ಸೆಕೆಂಡಿನಲ್ಲಿ ಮುಗಿಸಿತು. ಅಲ್ಲಿನ ದೊಡ್ಡ ವಿ8 ಫಾಲ್ಕನ್‌ಗೆ ಸರಿಸಮ!

ಗುಟ್ಟು ಏನು? ಗಾಳಿ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತೆ. ಅದಿಲ್ಲದ ಎಂಜಿನ್ ವಾತಾವರಣ ಕೊಟ್ಟಷ್ಟನ್ನೇ ಉಸಿರಾಡಬೇಕು. ಅದಕ್ಕೇ ಇದರಲ್ಲಿ ಎರಡೆರಡು ಬಾಯಿಯ ಮೂರು ವೆಬರ್ ಕಾರ್ಬ್ಯುರೇಟರ್. ಪ್ರತಿ ಸಿಲಿಂಡರ್‌ಗೂ ಅದರದೇ ಗಾಳಿದಾರಿ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ, ಸಿಸ್ಟಮ್ ನಿಧಾನ ಅಂತ ಇನ್ನೊಂದು ಸರ್ವರ್ ಹಾಕೋದು ಟರ್ಬೊ. ಇರೋ ಸರ್ವರ್‌ನಲ್ಲೇ ಕೋಡ್ ತಿದ್ದಿ ವೇಗ ತರೋದು ಇದು.

ಇವತ್ತು ಎಷ್ಟೋ ಎಲೆಕ್ಟ್ರಿಕ್ ಕಾರುಗಳು ಇದಕ್ಕಿಂತ ಬೇಗ, ಅದೂ ಸದ್ದಿಲ್ಲದೆ, ಗುರಿ ಮುಟ್ಟುತ್ತವೆ. ಹಾಗಂತ ಹಳೇ ಅಂಕಿ ಸಣ್ಣದಾಗಲ್ಲ. ದಾಖಲೆ ಓದುವಾಗ ಸೆಕೆಂಡ್ ಜೊತೆಗೆ, ಕೈಯಲ್ಲಿ ಏನಿತ್ತು ಅಂತಾನೂ ನೋಡಬೇಕು. ನಿಮ್ಮ ಕಾರಿನ ಸೆಕೆಂಡ್ ಎಣಿಸೋ ಆಸೆ ಬಂತಾ? ಟ್ರ್ಯಾಕ್‌ಗೆ ಹೋಗಿ, ಊರಿನ ರಸ್ತೆಯಲ್ಲಿ ಮಾತ್ರ ಬೇಡ.