ರಾತ್ರಿಶಾಲೆಗಳೂ ಕಂಪೆನಿಗಳ ನೆರವೂ

ಮುಂಬಯಿ ಕನ್ನಡಿಗರ ಏಳಿಗೆಯಲ್ಲಿ ರಾತ್ರಿಶಾಲೆಗಳ ಪಾತ್ರ ಹಿರಿದು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಿಂದ ಬರಿಗೈಯಲ್ಲಿ ಬಂದು, ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಪುಸ್ತಕ ಹಿಡಿದು ಶಾಲೆಗೆ ನಡೆದ ಹುಡುಗರಲ್ಲಿ ಅನೇಕರು ಮುಂದೆ ವಕೀಲರೂ ಲೆಕ್ಕಪರಿಶೋಧಕರೂ ಆದರು. ನಮ್ಮ ಬ್ಯಾಂಕುಗಳ ಮೇಜುಗಳನ್ನೂ ಅಲಂಕರಿಸಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1932ರ ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಇಂತಹ ಶಾಲೆಗಳನ್ನು ನಡೆಸಿದವು. ಸಂಘಗಳು ಕಟ್ಟಡ ಬಾಡಿಗೆಯನ್ನೂ ಪುಸ್ತಕಗಳನ್ನೂ ಹೊಂದಿಸಿದರೆ, ಗಲ್ಲಾದ ಮೇಲೆ ಕುಳಿತ ಧಣಿ ಸಂಜೆಯ ಎರಡು ಮೂರು ಗಂಟೆ ಬಿಡುವನ್ನು ಕೊಡಬೇಕಾಗಿತ್ತು. ಗಿರಾಕಿಗಳು ತುಂಬುವ ಹೊತ್ತು ಅದೇ. ಎಲ್ಲ ಧಣಿಗಳೂ ಕೊಟ್ಟರೆಂದು ಹೇಳಲಾಗದು.

ಇಂದು ಈ ಕ್ಷೇತ್ರಕ್ಕೆ ಕಂಪೆನಿಗಳ ಹಣ ಬಂದಿದೆ. 2008ರಲ್ಲಿ ಮುಂಬಯಿಯಲ್ಲಿ ಆರಂಭವಾದ 'ಮಾಸೂಮ್' ಎಂಬ ಸೇವಾಸಂಸ್ಥೆ ಕಂಪೆನಿಗಳ ನೆರವನ್ನು ಪಡೆದು, ರಾತ್ರಿಶಾಲೆಗಳ ವಿದ್ಯಾರ್ಥಿಗಳಿಗೆ ಪುಸ್ತಕ, ವಿಜ್ಞಾನದ ಪ್ರಯೋಗಸಾಮಗ್ರಿ, ಪೌಷ್ಟಿಕ ಉಪಾಹಾರ ಮುಂತಾದವನ್ನು ಒದಗಿಸುತ್ತ ಬಂದಿದೆ. ಉಪಾಹಾರವನ್ನು ಅಲ್ಪವೆಂದು ಭಾವಿಸಬಾರದು. ನಸುಕಿನಲ್ಲೆದ್ದು ದುಡಿದ ತರುಣ, ಮಧ್ಯಾಹ್ನದ ಊಟದ ಬಳಿಕ ಏನೂ ತಿನ್ನದೆ ತರಗತಿಯಲ್ಲಿ ಕುಳಿತರೆ ಬೀಜಗಣಿತ ತಲೆಗೆ ಹತ್ತುವುದಾದರೂ ಹೇಗೆ? ಹೊಟ್ಟೆಗೆ ಬಿದ್ದ ಮೇಲೂ ನಿದ್ರೆಯ ಸಾಲ ಉಳಿದೇ ಇರುತ್ತದೆ. ಬೆಳೆಯುವ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಮತ. ರಾತ್ರಿ ಶಾಲೆ ಬಿಟ್ಟು ಉಪನಗರದ ಗಾಡಿ ಹಿಡಿಯುವವನಿಗೆ ಅಷ್ಟು ಎಲ್ಲಿಂದ ದೊರೆಯಬೇಕು?

ಇನ್ನು ಕಾನೂನಿನ ಮಾತು. ವಾಣಿಜ್ಯದ ವಿದ್ಯಾರ್ಥಿಯಾಗಿದ್ದವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, ಇಲ್ಲವೆ 1,000 ಕೋಟಿ ವಹಿವಾಟು, ಇಲ್ಲವೆ 5 ಕೋಟಿ ನಿವ್ವಳ ಲಾಭವುಳ್ಳ ಕಂಪೆನಿ, ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕು. ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಕಲಮು ಹೇಳುತ್ತದೆ. ಸ್ವಂತ ನೌಕರರ ಪ್ರಯೋಜನಕ್ಕೆಂದು ಮಾಡಿದ ವೆಚ್ಚ ಮಾತ್ರ ಈ ಲೆಕ್ಕಕ್ಕೆ ಸೇರದು. ಈ ನಿಯಮ ಯುಕ್ತವೇ. ಇಲ್ಲವಾದರೆ ಬೋನಸನ್ನೂ ದಾನವೆಂದು ಬರೆದಾರು. ಇದರಿಂದ ಒಂದು ವಿಚಿತ್ರ ಪರಿಣಾಮವಾಗಿದೆ. ಶಾಲೆಗೆ ಕೊಟ್ಟ ಗಣಕಯಂತ್ರ ವಾರ್ಷಿಕ ವರದಿಯಲ್ಲಿ ಚಿತ್ರಸಹಿತ ಅಚ್ಚಾಗುತ್ತದೆ. ಕೆಲಸದ ಹುಡುಗನಿಗೆ ಕೊಟ್ಟ ಸಂಜೆಯ ಬಿಡುವಿಗೆ ಯಾವ ಪುಟದಲ್ಲೂ ಸ್ಥಳವಿಲ್ಲ. ಆ ಬಿಡುವು ಸಿಗದಿದ್ದರೆ ಗಣಕಯಂತ್ರದ ಮುಂದೆ ಕೂರುವವರು ಯಾರು?

2006ರ ಅಕ್ಟೋಬರ್ 10ರಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ನಿಷಿದ್ಧ. ಈಗ ರಾತ್ರಿಶಾಲೆಗೆ ಬರುವ ದುಡಿಮೆಗಾರರಲ್ಲಿ ತರುಣ ತರುಣಿಯರು, ನಡುವೆ ಶಾಲೆ ಬಿಟ್ಟ ವಯಸ್ಕರು ಇದ್ದಾರೆ. ನರೀಮನ್ ಪಾಯಿಂಟ್, ಬಾಂದ್ರಾ-ಕುರ್ಲಾ ಸಂಕೀರ್ಣಗಳ ಕಚೇರಿಗಳಲ್ಲಿ ಚಹಾ ಹಂಚುವವರು, ನೆಲ ಒರೆಸುವವರು, ಕಾವಲು ಕಾಯುವವರು ಬಹುಮಟ್ಟಿಗೆ ಗುತ್ತಿಗೆದಾರನ ಆಳುಗಳು. ಅವರ ಪಾಳಿಯನ್ನು ಗೊತ್ತುಮಾಡುವವನು ಗುತ್ತಿಗೆದಾರ. ಗುತ್ತಿಗೆಯ ಷರತ್ತುಗಳಿಗೆ ಸಹಿ ಹಾಕುವುದು ಕಂಪೆನಿ. ರಾತ್ರಿಶಾಲೆಗೆ ದೇಣಿಗೆ ಮಂಜೂರು ಮಾಡುವ ಸಮಿತಿ ಅದೇ ಬೈಠಕ್ಕಿನಲ್ಲಿ ಕ್ಯಾಂಟೀನಿನ ಗುತ್ತಿಗೆಪತ್ರವನ್ನೂ ತರಿಸಿ ನೋಡಬಹುದು. ಶಾಲೆಗೆ ಹೆಸರು ಹಚ್ಚಿದವರನ್ನು ಸಂಜೆ ಆರಕ್ಕೆ ಬಿಡತಕ್ಕದ್ದು, ಸಂಬಳ ಮುರಿಯತಕ್ಕದ್ದಲ್ಲ, ಪರೀಕ್ಷೆಯ ದಿನಗಳಲ್ಲಿ ರಜೆ ಕೊಡತಕ್ಕದ್ದು ಎಂಬ ಷರತ್ತನ್ನು ಅದಕ್ಕೆ ಸೇರಿಸಲು ಎರಡು ಸಾಲು ಸಾಕು. ನಮ್ಮವರೇ ನಡೆಸುವ ಕ್ಯಾಂಟೀನುಗಳು ಆ ಸಾಲುಗಳಿಗೆ ಕಾಯಬೇಕಾಗಿಯೂ ಇಲ್ಲ. ಶಾಲೆಗಳ ಹೊಸ ವರ್ಷ ಜೂನ್‌ನಲ್ಲಿ ಆರಂಭವಾಗುತ್ತದೆ.