ನಟ್ ಬಿಗಿ ಮಾಡಿದರೆ ಮುಗಿಯಲಿಲ್ಲ

ಪುಣೆಯಲ್ಲಿರುವ ನಮ್ಮವರಿಗೆ ನವಲೆ ಸೇತುವೆಯ ಇಳಿಜಾರು ಗೊತ್ತೇ ಇರುತ್ತದೆ. ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ಹೆದ್ದಾರಿ ಇಳಿಯುತ್ತಲೇ ಹೋಗುತ್ತದೆ, ಪಕ್ಕದಲ್ಲಿ ಲಾರಿಗಳೂ ಇಳಿಯುತ್ತಿರುತ್ತವೆ. ಕಳೆದ ಮಳೆಗಾಲದ ಒಂದು ಭಾನುವಾರ ಅಲ್ಲಿ ಹಿಂದಿನ ಬ್ರೇಕ್ ತುಳಿದೆ. ಪೆಡಲ್ ಪೂರ್ತಿ ಕೆಳಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಹಿಂದೆ ಹೆಂಡತಿ ಕೂತಿದ್ದಳು. ಗೇರ್ ಇಳಿಸಿ, ಮುಂದಿನ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಹಿಡಿದು ಎಡಕ್ಕೆ ನಿಲ್ಲಿಸುವಷ್ಟರಲ್ಲಿ ಕೈ ನಡುಗುತ್ತಿತ್ತು. ಅವಳು ಏನೂ ಅನ್ನಲಿಲ್ಲ. ರಿಕ್ಷಾ ಹಿಡಿದು ಮನೆಗೆ ಹೋದಳು.

ಗಾಡಿ ಅಪ್ಪನದು. ಹಳೆಯ 100 ಸಿಸಿ. ಧಾರವಾಡದಿಂದ ರೈಲಿನಲ್ಲಿ ಪಾರ್ಸೆಲ್ ಬಂದು, ಕೆಎ-25 ಹೋಗಿ ಎಂಎಚ್-12 ಆಗಿದೆ. ಹೊಸ ಬೈಕುಗಳಿಗೆ ಎಬಿಎಸ್ ಅಥವಾ ಸಿಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಇದು ಅದಕ್ಕಿಂತ ಮುಂಚಿನದು: ಪೆಡಲ್, ರಾಡ್, ಡ್ರಮ್, ಅಷ್ಟೇ.

ತಪ್ಪು ನನ್ನದೇ. ಆರು ತಿಂಗಳಲ್ಲಿ ಮೂರು ಸಲ ಬ್ರೇಕ್ ಸಡಿಲಾಗಿತ್ತು, ಮೂರು ಸಲವೂ ರಾಡ್‌ನ ನಟ್ ಬಿಗಿ ಮಾಡಿ ಸುಮ್ಮನಾಗಿದ್ದೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ‘ಎರರ್ ಮುಚ್ಚಬೇಡಿ, ಲಾಗ್ ಓದಿ’ ಎಂದು ಹೇಳುವವನೂ ನಾನೇ.

ಮರುದಿನ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ‘ಬ್ರೇಕ್ ಸ್ವಲ್ಪ ಸಡಿಲ್ ಆಗೇತಿ’ ಎಂದಷ್ಟೇ ಹೇಳಿದೆ.

‘ನಟ್ ಎಷ್ಟು ಒಳಗ ಹೋಗೇತಿ ತೋರ್ಸು. ಪೆಡಲ್ ಒತ್ತಿ ಹಿಡಿ, ಬಾಣದ ಗುರುತು ಎಲ್ಲಿಗೆ ಬರ್ತೈತಿ ನೋಡು.’

ಡ್ರಮ್ ಪಕ್ಕದ ಆ ಪುಟ್ಟ ಬಾಣವನ್ನು ನಾನು ಯಾವತ್ತೂ ನೋಡಿರಲಿಲ್ಲ. ಬ್ರೇಕ್ ಒತ್ತಿದಾಗ ಅದು ಪ್ಲೇಟಿನ ಮೇಲಿನ ಗುರುತು ಮುಟ್ಟಿದರೆ ಶೂ ಸವೆದಿದೆ ಎಂದರ್ಥ. ನಮ್ಮದು ಗುರುತು ದಾಟಿತ್ತು.

ಗಾಲಿ ಬಿಚ್ಚಿದೆ. ಒಳಗೆಲ್ಲ ಕಪ್ಪು ಪುಡಿ. ‘ಊದಬ್ಯಾಡ, ಒದ್ದಿ ಬಟ್ಟಿಲೆ ಒರಸು’ ಎಂದರು ಅಪ್ಪ. ಹಳೆಯ ಶೂಗಳಲ್ಲಿ ಕಲ್ನಾರು ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಶೂಗಳ ಲೈನಿಂಗ್ ಲೋಹದ ಹತ್ತಿರಕ್ಕೆ ಬಂದಿತ್ತು. ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಬಿಗಿಯಾಗಿತ್ತು. ನಟ್ ಬಿಗಿ ಮಾಡಿದಷ್ಟೂ ನಾನು ಈ ಎರಡನ್ನೂ ಮುಚ್ಚಿಡುತ್ತಿದ್ದೆ.

ಫೋನಿನಲ್ಲಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆಕಿ ಹಿಂದ ಕುಂತಿದ್ಲೇನು?’ ಎಂದರು.

ಹೂಂ ಎಂದೆ. ಅವರು ಬೈಯಲಿಲ್ಲ. ‘ಕ್ಯಾಮ್ ತಗದು ಪಾಲಿಶ್ ಕಾಗದಲೆ ತಿಕ್ಕು. ಗ್ರೀಸ್ ಭಾಳ ಹಚ್ಚಬ್ಯಾಡ. ಶೂಗೆ ತಾಗಿದ್ರ ಬ್ರೇಕ್ ಹೋತು’ ಎಂದರು.

ಹೊಸ ಶೂ ಜೋಡಿ, ಹೊಸ ಸ್ಪ್ರಿಂಗ್ ಹಾಕಿದೆ. ಪೆಡಲ್ ಎರಡು–ಮೂರು ಸೆಂಟಿಮೀಟರ್ ಇಳಿದ ಮೇಲೆ ಬ್ರೇಕ್ ಹಿಡಿಯುವಂತೆ, ಬಿಟ್ಟರೆ ಗಾಲಿ ಸಲೀಸಾಗಿ ತಿರುಗುವಂತೆ ನಟ್ ಹೊಂದಿಸಿದೆ. ಬ್ರೇಕ್ ಪ್ಲೇಟನ್ನು ಹಿಡಿದಿಡುವ ಪಟ್ಟಿಯ ಬೋಲ್ಟಿಗೆ ಪಿನ್ ಹಾಕಿದ್ದನ್ನು ಅಪ್ಪ ಎರಡು ಸಲ ತೋರಿಸಲು ಹೇಳಿದರು. ಅದು ಕಳಚಿದರೆ ಪ್ಲೇಟೇ ತಿರುಗಿ ಗಾಲಿ ಕಚ್ಚಿಕೊಳ್ಳುತ್ತದೆ.

ಒಂದು ವಾರ ಒಬ್ಬನೇ ಓಡಿಸಿದೆ. ಎಂಟನೇ ದಿನ ಹೆಂಡತಿ ಹೆಲ್ಮೆಟ್ ಹಿಡಿದು ಕೆಳಗೆ ಬಂದಳು. ಹತ್ತುವ ಮುಂಚೆ ಬಗ್ಗಿ, ‘ಎಲ್ಲಿದೆ ಆ ಬಾಣ, ತೋರಿಸು’ ಎಂದಳು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅದನ್ನು ನೋಡುವುದು ಅವಳ ಕೆಲಸ. ಪೆಡಲ್ ಒತ್ತುವುದಷ್ಟೇ ನನ್ನದು.