ಕರಾವಳಿಯ ಬಣ್ಣ ಕೆಂಪು

ಅಂಗಡಿಯವರು ‘ಕೋಸ್ಟಲ್ ಸ್ಟೈಲ್’ ಎಂದು ಮಾರುವ ಸರಕನ್ನು ಗುರುತಿಸುವುದು ಸುಲಭ. ನೀಲಿ-ಬಿಳಿ ಪಟ್ಟೆಯ ದಿಂಬು, ಹಗ್ಗ ಸುತ್ತಿದ ಕನ್ನಡಿ, ಲಂಗರಿನ ಚಿತ್ರದ ಟೀ ಶರ್ಟು, ಗಾಜಿನ ಬಟ್ಟಲು ತುಂಬ ಚಿಪ್ಪು. ಈ ರುಚಿಯ ಬೇರು ಯುರೋಪಿನ ನೌಕಾಪಡೆಗಳಲ್ಲಿದೆ. ಬ್ರಿಟನ್ನಿನ ನೌಕಾಧಿಕಾರಿಗಳಿಗೆ ನೀಲಿ ಸಮವಸ್ತ್ರ ಬಂದದ್ದು 1748ರಲ್ಲಿ. ಫ್ರಾನ್ಸಿನ ನೌಕಾಪಡೆಯಂತೂ 1858ರ ಮಾರ್ಚ್ 27ರ ಆದೇಶದಲ್ಲಿ ನಾವಿಕರ ಅಂಗಿಯ ಪಟ್ಟೆಗಳನ್ನೇ ಎಣಿಸಿಟ್ಟಿತು: ಬಿಳಿ ಪಟ್ಟೆ 21, ಒಂದೊಂದರ ಅಗಲ ನೀಲಿ ಪಟ್ಟೆಯ ಎರಡರಷ್ಟು. 1846ರಲ್ಲಿ ವಿಕ್ಟೋರಿಯಾ ರಾಣಿಯ ಪುಟ್ಟ ಮಗ ನಾವಿಕನ ಉಡುಪು ತೊಟ್ಟು ಚಿತ್ರ ಬರೆಸಿಕೊಂಡ ಮೇಲೆ ಅದು ಮಕ್ಕಳ ಫ್ಯಾಷನ್ ಆಯಿತು, ಮುಂದೆ ಜಪಾನಿನ ಶಾಲಾ ಹುಡುಗಿಯರ ಸಮವಸ್ತ್ರವೂ ಆಯಿತು. 2022ರಲ್ಲಿ ಅಮೆರಿಕದ ಹುಡುಗಿಯರು ಕಡಲತೀರದ ಶ್ರೀಮಂತ ಅಜ್ಜಿಯರಂತೆ ಸಡಿಲವಾದ ಲಿನನ್ ಅಂಗಿ ತೊಟ್ಟು ಅದಕ್ಕೆ ‘ಕೋಸ್ಟಲ್ ಗ್ರ್ಯಾಂಡ್‌ಮದರ್’ ಎಂದು ಹೆಸರಿಟ್ಟುಕೊಂಡರು.

ಇರಲಿ, ಚಂದವೇ. ಆದರೆ ಕಾರವಾರದಿಂದ ಮಂಗಳೂರಿನವರೆಗೆ ಹಳೆಯ ಮನೆಗಳನ್ನು ನೋಡುತ್ತ ಹೋಗಿ, ನೀಲಿ ಎಲ್ಲಿ ಸಿಗುತ್ತದೆ? ಮಾಡು ಕೆಂಪು, ಗೋಡೆಯ ಕಲ್ಲು ಕೆಂಪು, ಜಗಲಿಯ ನೆಲ ಕೆಂಪು, ತುಳಸಿಕಟ್ಟೆಗೆ ಬಳಿದ ಪಟ್ಟೆಯೂ ಕೆಂಪು. ನಮ್ಮ ಕರಾವಳಿಯ ಅಲಂಕಾರಕ್ಕೆ ಬಣ್ಣ ಕೊಟ್ಟದ್ದು ಕಡಲಲ್ಲ, ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಬೀಳುವ ಮಳೆ ಬೆಂಗಳೂರಿನ ಸುಮಾರು ನಾಲ್ಕು ಪಟ್ಟು. ಲಕ್ಷಾಂತರ ವರ್ಷ ಹೀಗೆ ಮಳೆ ಸುರಿದರೆ ಬಂಡೆಯಲ್ಲಿ ಕರಗುವುದೆಲ್ಲ ಕರಗಿ ಹೋಗುತ್ತದೆ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿಯುತ್ತವೆ. ಆ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದೇ ಮುರಕಲ್ಲು. ಉತ್ತರ ಕನ್ನಡದವರ ಬಾಯಲ್ಲಿ ಚಿರೇಕಲ್ಲು. ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿಗೆ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು, ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ.

ಈಗ ನನಗೆ ತೀರ ಇಷ್ಟವಾದ ಭಾಗಕ್ಕೆ ಬರುತ್ತೇನೆ: ಕಾವಿ ಕಲೆ. ಗೋವಾ ಮತ್ತು ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ, ಕೆಲವು ಹಳೆಯ ಮನೆಗಳ ಗೋಡೆಯ ಮೇಲೆ ಬಿಳಿಯ ನಡುವೆ ಕೆಂಪಿನಲ್ಲಿ ಮೂಡಿರುವ ಬಳ್ಳಿ, ನವಿಲು, ದೇವತೆಗಳನ್ನು ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ‘ಇಷ್ಟು ನಯವಾಗಿ ಯಾವ ಕುಂಚದಲ್ಲಿ ಬರೆದರು?’ ಎಡವುವುದು ಇಲ್ಲೇ. ಕುಂಚದಲ್ಲಿ ಬರೆದದ್ದಲ್ಲ. ಕಾವಿ ಎಂದರೆ ಕೆರೆದು ತೆಗೆಯುವ ಕಲೆ. ಮೊದಲು ಗೋಡೆಗೆ ಬಿಳಿ ಸುಣ್ಣದ ಗಾರೆ. ಅದು ಹಸಿಯಿರುವಾಗಲೇ ಮೇಲೊಂದು ತೆಳು ಪದರ, ಸುಣ್ಣಕ್ಕೆ ಹುರಮಂಜಿ ಎಂಬ ಕೆಂಪು ಮಣ್ಣು ಕಲಸಿದ್ದು. ಆಮೇಲೆ ಚೂಪಾದ ಉಕ್ಕಿನ ಮೊನೆಯಿಂದ ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ, ಕೆಳಗಿನ ಬಿಳಿ ಹೊರಬೀಳುತ್ತದೆ. ಕಲಾವಿದನ ಕೈ ಕೆಲಸ ಮಾಡಿದ್ದು ನಮಗೆ ಬಿಳಿಯಾಗಿ ಕಾಣುವ ಕಡೆ. ಕೆಂಪು ಅವನು ಮುಟ್ಟದೆ ಬಿಟ್ಟ ಜಾಗ. ಗಾರೆ ಗಟ್ಟಿಯಾಗುವುದರೊಳಗೆ ಮುಗಿಸಬೇಕಾದ್ದರಿಂದ ಒರೆಸಿ ತಿದ್ದುವ ಅವಕಾಶವೂ ಕಡಿಮೆ.

ಆ ಸುಣ್ಣ ಬಂದದ್ದು ಎಲ್ಲಿಂದ? ಅಳಿವೆಗಳಿಂದ. ಅಘನಾಶಿನಿಯಂಥ ಅಳಿವೆಗಳಲ್ಲಿ ಸಿಗುವ ಬಳಚು ಮುಂತಾದವುಗಳ ಚಿಪ್ಪಿನಿಂದ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತದೆ. ಅದಕ್ಕೆ ತೊಳೆದ ಮರಳು, ಬೆಲ್ಲ ಸೇರಿಸಿ ದಿನಗಟ್ಟಲೆ ಕೊಳೆಯಲು ಬಿಟ್ಟು ಕುಟ್ಟುತ್ತಿದ್ದರು. (ಬೆಲ್ಲ ಏಕೆಂದು ನಗಬೇಡಿ. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ ಎಂಬುದು ಪ್ರಯೋಗಶಾಲೆಯ ಮಾತು.) ಗೋಡೆ ಸೇರಿದ ಮೇಲೆ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಪಡೆಯುತ್ತದೆ, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಚಿಪ್ಪು ಪುನಃ ಚಿಪ್ಪಾಯಿತು, ಈ ಬಾರಿ ಗೋಡೆಯ ಆಕಾರದಲ್ಲಿ! ಕನ್ನಡಿಯ ಅಂಚಿಗೆ ಅಂಟಿಸಿದ ಚಿಪ್ಪನ್ನು ಮೆಚ್ಚುವವರು ಇದನ್ನೊಮ್ಮೆ ಯೋಚಿಸಬೇಕು. ಕೆಂಪು ಮಣ್ಣನ್ನೇ ಆರಿಸಿದ್ದೂ ಸುಮ್ಮನೆ ಅಲ್ಲ. ಹಸಿ ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ಅನೇಕ ಬಣ್ಣಗಳು ಸಾಯುತ್ತವೆ. ಯುರೋಪಿನವರ ಪ್ರಷ್ಯನ್ ನೀಲಿ ಅದರಲ್ಲಿ ಬಾಳುವುದೇ ಇಲ್ಲ. ಕಬ್ಬಿಣದ ಆಕ್ಸೈಡಿಗೆ ಕ್ಷಾರದ ಭಯವಿಲ್ಲ, ಬಿಸಿಲಿನ ಭಯವೂ ಇಲ್ಲ.

ಸುಣ್ಣದ ಗೋಡೆಯ ಸ್ವಭಾವ ತಿಳಿದರೆ ಇಂದಿನ ಮನೆಗಳ ಒಂದು ದೊಡ್ಡ ಗೋಳೂ ಅರ್ಥವಾಗುತ್ತದೆ. ಕರಾವಳಿಯಲ್ಲಿ ಹಳೆಯ ಮನೆಗೆ ದುಬಾರಿ ಪ್ಲಾಸ್ಟಿಕ್ ಪೇಂಟು ಹೊಡೆಸಿದ ಮರುವರ್ಷವೇ ಗೋಡೆ ಪೂರಿಯಂತೆ ಉಬ್ಬುತ್ತದೆ. ಮನೆಯವರು ಪೇಂಟನ್ನು ಬೈಯುತ್ತಾರೆ, ಇನ್ನೂ ದಪ್ಪದ್ದನ್ನು ತರಿಸುತ್ತಾರೆ, ಅದೂ ಉಬ್ಬುತ್ತದೆ. ನಡೆಯುವುದು ಇಷ್ಟು: ನೆಲದಿಂದ, ಮಳೆಯಿಂದ ಗೋಡೆ ನೀರು ಹೀರುತ್ತದೆ, ಆ ನೀರಿನಲ್ಲಿ ಉಪ್ಪಿನ ಅಂಶ ಕರಗಿರುತ್ತದೆ. ಸುಣ್ಣದ ಗೋಡೆಯಲ್ಲಿ ನೀರು ಹೊರಮೈವರೆಗೆ ಬಂದು ಆವಿಯಾಗುತ್ತದೆ, ಉಪ್ಪು ಪುಡಿಯಾಗಿ ಹೊರಗೆ ನಿಲ್ಲುತ್ತದೆ, ಗುಡಿಸಿದರೆ ಹೋಯಿತು. ಮೇಲೆ ಪ್ಲಾಸ್ಟಿಕ್ಕಿನ ಪೊರೆಯಿದ್ದರೆ ನೀರಿಗೆ ದಾರಿಯಿಲ್ಲ; ಪೊರೆಯ ಹಿಂದೆಯೇ ಉಪ್ಪಿನ ಹರಳು ಬೆಳೆದು ಅದನ್ನು ಹೊರಕ್ಕೆ ತಳ್ಳುತ್ತದೆ. ವರ್ಷಕ್ಕೊಮ್ಮೆ ಹಬ್ಬದ ಮುಂಚೆ ಸುಣ್ಣ ಬಳಿಯುತ್ತಿದ್ದ ಅಜ್ಜಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಉಬ್ಬಿದ ಗೋಡೆಯೂ ಗೊತ್ತಿರಲಿಲ್ಲ. ನಿಮ್ಮ ಗೋಡೆ ಯಾವ ಬಗೆಯದೆಂದು ತಿಳಿಯಬೇಕೆ? ಒಂದು ಹನಿ ನೀರು ಬಿಡಿ. ಇಂಗಿದರೆ ಸುಣ್ಣ, ಜಾರಿದರೆ ಪ್ಲಾಸ್ಟಿಕ್.

ಮಾಡಿನ ಕಥೆ ಚಿಕ್ಕದಾಗಿ ಮುಗಿಸಬಹುದು. ಮಂಗಳೂರು ಹೆಂಚು ಅನಾದಿಯದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದಕ್ಕೆ ಮೊದಲು ಸಾಮಾನ್ಯರ ಮನೆಗೆ ಮುಳಿಹುಲ್ಲು, ಇಲ್ಲವೇ ತೆಂಗಿನ ಮಡಲು. ಈಗ ಕಾಂಕ್ರೀಟಿನ ಮೇಲೆ ಚಂದಕ್ಕೆಂದು ಹೆಂಚು ಹೊದಿಸುತ್ತಾರೆ. ಮಳೆ ತಡೆಯಲು ಬಂದ ಹೆಂಚಿಗೆ ಈಗ ಒಡವೆಯ ಕೆಲಸ. ಕನ್ನಡಿಯಂತೆ ಹೊಳೆಯುವ ರೆಡ್ ಆಕ್ಸೈಡ್ ನೆಲವನ್ನೂ ಜನ ‘ಪುರಾತನ’ ಎನ್ನುತ್ತಾರೆ. ಸಿಮೆಂಟಿಲ್ಲದೆ ಆ ನೆಲವಿಲ್ಲ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಹಿಂದಿನವರ ನೆಲ ಸೆಗಣಿಗೆ ಮಸಿ ಕಲಸಿ ಅಡಿಕೆ ಹಾಳೆಯಲ್ಲಿ ಸಾರಿಸಿದ ಕಪ್ಪು ನೆಲ.

ಉಡುಗೆಯಲ್ಲೂ ಹವೆಯದೇ ಲೆಕ್ಕಾಚಾರ, ಇಲ್ಲಿ ಮಳೆಯ ಬದಲು ಸೆಕೆ, ಬೆವರು. ಅಜ್ಜಿಯರು ಉಟ್ಟದ್ದು ಪದ್ಮಶಾಲಿ ನೇಕಾರರು ಮಗ್ಗದಲ್ಲಿ ನೇಯ್ದ ತೆಳು ಹತ್ತಿ ಸೀರೆ. ಮಂಗಳೂರಿನ ಕ್ರೈಸ್ತ ಅಜ್ಜಿಯರು ಮದುವೆಗೆ ಮೊದಲು ಕಿರ್ಗಿ-ಬಾಜು (ಸೊಂಟಕ್ಕೆ ಸುತ್ತುವ ಬಟ್ಟೆ ಮತ್ತು ರವಿಕೆ) ತೊಡುತ್ತಿದ್ದರು, ಮದುವೆಗೆ ಸಾಡೊ ಎಂಬ ಸೀರೆ, ಅದೂ ಕೆಂಪು. ಅವರ ಸೊಸೆಯಂದಿರ ಕಾಲಕ್ಕೆ ನೈಲೆಕ್ಸ್, ಪಾಲಿಯೆಸ್ಟರ್ ಬಂದವು. ಒಗೆಯಲು ಸುಲಭ, ಇಸ್ತ್ರಿ ಬೇಡ, ಬೇಗ ಒಣಗುತ್ತವೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಿ ಗೊತ್ತಿದ್ದವರು ಆ ಸೊಸೆಯಂದಿರನ್ನು ದೂರಲಾರರು. ಆದರೆ ಪ್ಲಾಸ್ಟಿಕ್ ಪೇಂಟು ಗೋಡೆಗೆ ಮಾಡಿದ್ದನ್ನೇ ಆ ನೂಲು ಮೈಗೂ ಮಾಡಿತು, ಬೆವರು ಒಳಗೇ ಉಳಿಯಿತು. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘ ಮತ್ತು ಕದಿಕೆ ಟ್ರಸ್ಟಿನ ದುಡಿಮೆಯಿಂದ ಮೊಮ್ಮಗಳಂದಿರು ಅದನ್ನು ಮತ್ತೆ ಕೇಳಿ ಉಡುತ್ತಿದ್ದಾರೆ.

ಕೆಲವರು ಫ್ಯಾಷನ್ನಿನ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಂಡವರಲ್ಲ. 2021ರ ನವೆಂಬರಿನಲ್ಲಿ ಗಿಡ ನೆಟ್ಟು ಬೆಳೆಸಿ ಹೆಸರಾದ ಅಂಕೋಲೆಯ ತುಳಸಿ ಗೌಡರು ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದದ್ದು ಬರಿಗಾಲಲ್ಲಿ, ಕೊರಳ ತುಂಬ ಮಣಿಸರ ಹಾಕಿ, ಹಾಲಕ್ಕಿ ಒಕ್ಕಲಿಗರ ರೀತಿಯಲ್ಲಿ ಸೀರೆ ಉಟ್ಟು. ಅತ್ತ ತುಳುನಾಡಿನಲ್ಲಿ ಗದ್ದೆ ಕೆಲಸದವರ ತಲೆಯ ಮೇಲಿದ್ದ ಅಡಿಕೆ ಹಾಳೆಯ ಮುಟ್ಟಾಳೆ ಈಗ ಸಭೆಯಲ್ಲಿ ಮುಖ್ಯ ಅತಿಥಿಗೆ ತೊಡಿಸುವ ಗೌರವ. ಅತಿಥಿಗಳು ಫೋಟೊ ಮುಗಿದ ಕೂಡಲೇ ತೆಗೆದಿಡುತ್ತಾರೆ ಅನ್ನಿ.

ಇಷ್ಟು ಹೇಳಿದ ಮೇಲೆ ಓದುಗರಲ್ಲಿ ಒಂದು ಕೋರಿಕೆ. ಕಾವಿ ಕಲೆಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಹೊನ್ನಾವರದ ಡಾ. ಕೃಷ್ಣಾನಂದ ಕಾಮತರಂಥ ಕೆಲವೇ ಜನ ಊರೂರು ತಿರುಗಿ ಫೋಟೊ ತೆಗೆದು, ಹಳಬರನ್ನು ಕೇಳಿ ಬರೆದಿಟ್ಟದ್ದರಿಂದ ಬಂದದ್ದು. ಆದರೆ ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಗಾರೆಯನ್ನು ಕಿತ್ತು ಗ್ರಾನೈಟು ಹಾಕುವುದು ಇನ್ನೂ ನಿಂತಿಲ್ಲ. ನಿಮ್ಮೂರಿನ ಗುಡಿಯದೋ ಮನೆಯದೋ ಸರದಿ ಬಂದರೆ, ಕೆಲಸ ಶುರುವಾಗುವ ಮೊದಲು ಪ್ರತಿ ಗೋಡೆಯ ಫೋಟೊವನ್ನು ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಪದರಗಳು ಎಷ್ಟು ದಪ್ಪವಿವೆ ಎಂದು ಬರೆದಿಡಿ. ಸುಣ್ಣದ ಗೂಡು ನಡೆಸಿದ್ದ ಹಿರಿಯರು ಊರಿನಲ್ಲಿದ್ದರೆ ಚಿಪ್ಪು ಎಲ್ಲಿಂದ ತರುತ್ತಿದ್ದರು, ಬೆಲ್ಲ ಎಷ್ಟು ಹಾಕುತ್ತಿದ್ದರು, ಎಷ್ಟು ದಿನ ಕೊಳೆಸುತ್ತಿದ್ದರು ಎಂದು ಕೇಳಿ ದಾಖಲಿಸಿ. ಕಿತ್ತ ಗಾರೆಯ ಅಂಗೈಯಗಲದ ತುಣುಕನ್ನು ಕೆಂಪು ಪದರದ ಸಮೇತ ಕಾಗದದಲ್ಲಿ ಸುತ್ತಿ, ಊರು ಮತ್ತು ತಾರೀಕು ಬರೆದು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರ ಕೈಗೆ ಕೊಡಿ.